ಗಾಜಿನಾಚೆಯ ಬಿಸಿಲು: ಜೋನ್ ಪ್ರಾಕ್ಟರ್ ಅವರ ಬದುಕು

ಲಂಡನ್ನಿನ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆ. ನೂರು ವರ್ಷಕ್ಕೂ ಹಿಂದಿನ ಮಾತು. ಹದಿನಾರು ವರ್ಷದ ವಿದ್ಯಾರ್ಥಿನಿಯೊಬ್ಬಳು ಗಣಿತದ ತರಗತಿಗೆ ಪುಸ್ತಕಗಳ ಜೊತೆ ತನ್ನ ಸಾಕು ಮೊಸಳೆ ಮರಿಯನ್ನೂ ತಂದಿದ್ದಳು. ಅಧ್ಯಾಪಕಿಯ ಮುಖ ಆಗ ಹೇಗಿದ್ದಿರಬಹುದು ಎಂದು ನಾವೇ ಊಹಿಸಿಕೊಳ್ಳಬಹುದು. ನಾವು ತರಗತಿಗೆ ಮೊಬೈಲ್ ತಂದರೇ ಪ್ರಾಂಶುಪಾಲರ ಕೊಠಡಿಯ ಮುಂದೆ ನಿಲ್ಲಬೇಕಾಗುತ್ತದೆ. ಮೊಸಳೆ ತಂದರೆ ಏನಾಗುತ್ತಿತ್ತೋ!

ಆ ಹುಡುಗಿಯ ಹೆಸರು ಜೋನ್ ಬೀಚಮ್ ಪ್ರಾಕ್ಟರ್. ಮುಂದೆ ಅವರು ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಕ್ಯುರೇಟರ್ ಆದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ. ಬದುಕಿದ್ದು ಕೇವಲ 34 ವರ್ಷ. ಅದರಲ್ಲೂ ಹೆಚ್ಚಿನ ಕಾಲ ಕಾಯಿಲೆಯಲ್ಲೇ ಕಳೆಯಿತು. ಆದರೂ ಪಂಜರದೊಳಗಿನ ಹಾವು, ಹಲ್ಲಿ, ಆಮೆಗಳಿಗೆ ಶಾಖ ಮತ್ತು ಬೆಳಕನ್ನು ಹೇಗೆ ಕೊಡಬೇಕು ಎಂಬ ಪ್ರಶ್ನೆಗೆ ಕಟ್ಟಡದ ರೂಪದಲ್ಲೇ ಉತ್ತರ ಕೊಟ್ಟು ಹೋದರು. ಇಂದು ಮನೆಯಲ್ಲಿ ಆಮೆ ಅಥವಾ ಹಲ್ಲಿ ಸಾಕುವವರು ಅಂಗಡಿಯಲ್ಲಿ ಯುವಿಬಿ ದೀಪ ಯಾವುದು, ಶಾಖದ ದೀಪ ಯಾವುದು ಎಂದು ವಿಚಾರಿಸುವಾಗ, ಅವರಿಗೆ ಗೊತ್ತಿಲ್ಲದೆಯೇ ಜೋನ್ ಕೇಳಿದ ಪ್ರಶ್ನೆಯನ್ನೇ ಕೇಳುತ್ತಿರುತ್ತಾರೆ.

ಬಾಲ್ಯ ಮತ್ತು ಕಾಯಿಲೆ

ಜೋನ್ ಹುಟ್ಟಿದ್ದು 1897ರ ಆಗಸ್ಟ್ 5ರಂದು, ಲಂಡನ್ನಿನಲ್ಲಿ. ತಂದೆ ಷೇರು ವ್ಯವಹಾರಸ್ಥರು, ತಾಯಿ ಚಿತ್ರ ಕಲಾವಿದೆ. ಅಕ್ಕ ಕ್ರಿಸ್ಟಬೆಲ್ ಮುಂದೆ ತೋಟಗಾರಿಕೆಯಲ್ಲಿ ಹೆಸರು ಮಾಡಿದರು. ಬೇರೆ ಮಕ್ಕಳು ಗೊಂಬೆ ಹಿಡಿದು ಆಡುವ ವಯಸ್ಸಿನಲ್ಲಿ ಜೋನ್‌ಗೆ ಹಾವು, ಹಲ್ಲಿಗಳ ಗೆಳೆತನ. ಹತ್ತು ವರ್ಷದ ಹೊತ್ತಿಗೆ ಅವುಗಳನ್ನು ಸಾಕತೊಡಗಿದ್ದಳು. ಡಾಲ್ಮೇಷಿಯಾ ಪ್ರದೇಶದ ಒಂದು ಗೋಡೆ ಹಲ್ಲಿ ಆಕೆಗೆ ಅಚ್ಚುಮೆಚ್ಚು. ಹೋದಲ್ಲೆಲ್ಲ ಅದು ಜೊತೆಗಿರಬೇಕು. ಊಟಕ್ಕೆ ಕುಳಿತಾಗಲೂ ಪಕ್ಕದಲ್ಲಿ ಅದಕ್ಕೊಂದು ಜಾಗ.

ಓದಿನಲ್ಲಿ ಜೋನ್ ಮುಂದಿದ್ದಳು. ಕೇಂಬ್ರಿಜ್‌ಗೆ ಹೋಗಿ ವಿಜ್ಞಾನ ಓದಬೇಕು ಎಂಬುದು ಎಲ್ಲರ ನಿರೀಕ್ಷೆಯಾಗಿತ್ತು. ಆದರೆ ಚಿಕ್ಕಂದಿನಿಂದ ಕಾಡುತ್ತಿದ್ದ ಕರುಳಿನ ಕಾಯಿಲೆ ಬಿಡಲಿಲ್ಲ. ಶಾಲೆಗೆ ಹೋದ ದಿನಗಳ ಜೊತೆಗೆ ಹಾಸಿಗೆ ಹಿಡಿದ ದಿನಗಳೂ ಸೇರಿಕೊಂಡವು. ಕೊನೆಗೆ ಕೇಂಬ್ರಿಜ್ ಆಸೆಯನ್ನು ಕೈಬಿಡಬೇಕಾಯಿತು. ದ್ವಿತೀಯ ಪಿಯುಸಿ ಮುಗಿಸಿ ಸೀಟು ಸಿಗದೆ ಅಥವಾ ಮನೆಯ ಕಷ್ಟದಿಂದ ಓದು ನಿಲ್ಲಿಸಬೇಕಾದವರಿಗೆ ಈ ನೋವು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಂಗ್ರಹಾಲಯದ ಬಾಗಿಲು

ಆ ಕಾಲದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ನಿಸರ್ಗ ವಿಜ್ಞಾನ ವಿಭಾಗದಲ್ಲಿ ಮೀನು ಮತ್ತು ಸರೀಸೃಪಗಳ ಹೊಣೆ ಹೊತ್ತಿದ್ದವರು ಜಾರ್ಜ್ ಆಲ್ಬರ್ಟ್ ಬೂಲೆಂಜರ್. ಬೆಲ್ಜಿಯಂ ಮೂಲದ ಈ ವಿದ್ವಾಂಸರು ಆ ಕ್ಷೇತ್ರದ ದೊಡ್ಡ ಹೆಸರು. ಶಾಲಾ ಬಾಲಕಿಯ ಆಸಕ್ತಿ ಅವರ ಕಣ್ಣಿಗೆ ಬಿದ್ದಿತ್ತು. 1916ರಲ್ಲಿ ಅವರು ಜೋನ್ ಅವರನ್ನು ತಮ್ಮ ಸಹಾಯಕಿಯಾಗಿ ಕರೆಸಿಕೊಂಡರು. ಪದವಿ ಇರಲಿಲ್ಲ. ಇದ್ದದ್ದು ಗಮನವಿಟ್ಟು ನೋಡುವ ಕಣ್ಣು ಮತ್ತು ವರ್ಷಗಟ್ಟಲೆ ಸರೀಸೃಪಗಳ ಜೊತೆ ಬದುಕಿದ ಅನುಭವ.

ಮರುವರ್ಷವೇ, ಹತ್ತೊಂಬತ್ತರ ಹರೆಯದಲ್ಲಿ, ದಕ್ಷಿಣ ಅಮೆರಿಕದ ಒಂದು ವಿಷದ ಮಂಡಲ ಹಾವಿನಲ್ಲಿ ಕಾಣುವ ವ್ಯತ್ಯಾಸಗಳ ಕುರಿತು ಲಂಡನ್ ಪ್ರಾಣಿಶಾಸ್ತ್ರ ಸಂಘದ ಮುಂದೆ ಪ್ರಬಂಧ ಮಂಡಿಸಿದರು. ಅದೇ ವರ್ಷ ಸಂಘದ ಫೆಲೋ ಆದರು. 1920ರಲ್ಲಿ ಬೂಲೆಂಜರ್ ನಿವೃತ್ತರಾದಾಗ ಸಂಗ್ರಹಾಲಯದ ಸರೀಸೃಪ ವಿಭಾಗದ ಕೆಲಸ ಜೋನ್ ಅವರ ಹೆಗಲಿಗೆ ಬಂತು.

ಅಲ್ಲಿ ಅವರು ಮಾಡಿದ ಅಧ್ಯಯನಗಳಲ್ಲಿ ಒಂದು, ಪೂರ್ವ ಆಫ್ರಿಕಾದ ವಿಚಿತ್ರ ಆಮೆಯ ಬಗ್ಗೆ. ಅದರ ಚಿಪ್ಪು ರೊಟ್ಟಿಯಂತೆ ಚಪ್ಪಟೆ, ಅದುಮಿದರೆ ಬಾಗುವಷ್ಟು ತೆಳು. ಚಿಪ್ಪಿನ ಮೂಳೆಗಳ ನಡುವೆ ಖಾಲಿ ಜಾಗಗಳಿರುವುದರಿಂದ ಅದು ಬಂಡೆಗಳ ಸಂದಿಗೆ ನುಸುಳಿಕೊಳ್ಳಬಲ್ಲದು. ಜೋನ್ ಅವರ ಪ್ರಬಂಧ 1922ರಲ್ಲಿ ಪ್ರಕಟವಾಯಿತು. ಈ ಆಮೆಯ ಮೆತ್ತನೆಯ ಚಿಪ್ಪು ನಿಸರ್ಗ ಕೊಟ್ಟದ್ದು. ಆದರೆ ಬೇರೆ ಜಾತಿಯ ಆಮೆಗಳ ಚಿಪ್ಪು ಪಂಜರದಲ್ಲಿ ಮೆತ್ತಗಾದರೆ ಅದು ರೋಗ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳೋಣ; ಮುಂದಿನ ಕಥೆಯೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಮೃಗಾಲಯದಲ್ಲಿ ಕಾದಿದ್ದ ಪ್ರಶ್ನೆ

1923ರಲ್ಲಿ ಜೋನ್ ಅವರಿಗೆ ಲಂಡನ್ ಮೃಗಾಲಯದಿಂದ ಕರೆ ಬಂತು. ಬೂಲೆಂಜರ್ ಅವರ ಮಗ ಎಡ್ವರ್ಡ್ ಅಲ್ಲಿ ಸರೀಸೃಪಗಳ ಕ್ಯುರೇಟರ್ ಆಗಿದ್ದರು. ಅವರು ಹೊಸ ಮತ್ಸ್ಯಾಲಯದ ಹೊಣೆ ವಹಿಸಿಕೊಂಡಾಗ ತೆರವಾದ ಸ್ಥಾನಕ್ಕೆ ಜೋನ್ ನೇಮಕಗೊಂಡರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಅದೇ ವರ್ಷ ಲಿನ್ನಿಯನ್ ಸೊಸೈಟಿಯೂ ಅವರನ್ನು ಫೆಲೋ ಆಗಿ ಸ್ವೀಕರಿಸಿತು. ದೊಡ್ಡ ಹೆಬ್ಬಾವು, ಮೊಸಳೆಗಳನ್ನು ಎತ್ತಿ ಹಿಡಿಯುವ ಯುವತಿಯ ಸುದ್ದಿ ಪತ್ರಿಕೆಗಳಿಗೆ ರುಚಿಯಾದ ವಸ್ತುವಾಯಿತು. ಅವರಿಗೋ ತಲೆಯಲ್ಲಿ ಬೇರೆಯೇ ಚಿಂತೆ.

ಲಂಡನ್ ಮೃಗಾಲಯ 1849ರಷ್ಟು ಹಿಂದೆಯೇ ಸರೀಸೃಪ ಭವನ ತೆರೆದಿತ್ತು. 1883ರಲ್ಲಿ ಇನ್ನೊಂದನ್ನು ಕಟ್ಟಿತು. ಆದರೆ ಬಿಸಿಲಿನ ನಾಡುಗಳಿಂದ ಬಂದ ಪ್ರಾಣಿಗಳಿಗೆ ಲಂಡನ್ ಕಷ್ಟದ ಊರು. ಭೂಮಧ್ಯ ರೇಖೆಯಿಂದ ಉತ್ತರಕ್ಕೆ 51 ಡಿಗ್ರಿಗೂ ಮೇಲೆ ಇರುವ ನಗರ. ಚಳಿಗಾಲದಲ್ಲಿ ಸೂರ್ಯ ದಿಗಂತದಿಂದ ಹೆಚ್ಚು ಮೇಲೇರುವುದಿಲ್ಲ. ಸಾಲದ್ದಕ್ಕೆ ಆ ಕಾಲದಲ್ಲಿ ಮನೆಮನೆಯ ಕಲ್ಲಿದ್ದಲ ಹೊಗೆ. ಅದನ್ನೂ ದಾಟಿ ಬಂದ ಬೆಳಕು ಕಟ್ಟಡದ ಗಾಜಿಗೆ ತಡೆಯಾಗಿ ನಿಲ್ಲುತ್ತಿತ್ತು.

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಸರೀಸೃಪಗಳು ನಮ್ಮಂತೆ ದೇಹದೊಳಗೇ ಸಾಕಷ್ಟು ಶಾಖ ಹುಟ್ಟಿಸಿಕೊಳ್ಳುವುದಿಲ್ಲ. ಹೊರಗಿನ ಬಿಸಿಯನ್ನು ಪಡೆದೇ ಅವು ಓಡಾಡಬೇಕು, ತಿಂದದ್ದನ್ನು ಜೀರ್ಣಿಸಿಕೊಳ್ಳಬೇಕು, ರೋಗವನ್ನು ಎದುರಿಸಬೇಕು. ಹಾಗೆಂದು ಸದಾ ಬಿಸಿಯೂ ಆಗದು. ಬಿಸಿಲಿಗೆ ಬರುವುದು, ನೆರಳಿಗೆ ಹೋಗುವುದು, ಹೀಗೆ ಜಾಗ ಬದಲಿಸುತ್ತಲೇ ಮೈಯ ಶಾಖವನ್ನು ಹದದಲ್ಲಿ ಇಟ್ಟುಕೊಳ್ಳುತ್ತವೆ. ಹಿಂದಿನ ರೂಢಿಯಂತೆ ಇಡೀ ಕಟ್ಟಡವನ್ನು ಒಂದೇ ಸಮನೆ ಕಾಯಿಸಿದರೆ ಪ್ರಾಣಿಗೆ ಆಯ್ಕೆಯೇ ಉಳಿಯುವುದಿಲ್ಲ.

ಎರಡನೆಯದು ಬೆಳಕು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವುಗಳಲ್ಲಿ 280ರಿಂದ 315 ನ್ಯಾನೋಮೀಟರ್ ತರಂಗಾಂತರದ ಭಾಗವನ್ನು ಯುವಿಬಿ ಎನ್ನುತ್ತಾರೆ. ಇದು ಚರ್ಮಕ್ಕೆ ತಾಗಿದಾಗ ಅಲ್ಲಿರುವ ಕೊಲೆಸ್ಟ್ರಾಲ್ ಜಾತಿಯ ವಸ್ತುವೊಂದು ವಿಟಮಿನ್ ಡಿಯ ಪೂರ್ವರೂಪವಾಗುತ್ತದೆ. ಮೈಯ ಶಾಖದಿಂದ ಅದು ವಿಟಮಿನ್ ಡಿ3 ಆಗುತ್ತದೆ. ಆಮೇಲೆ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಬದಲಾವಣೆ ಹೊಂದಿ, ಆಹಾರದ ಕ್ಯಾಲ್ಸಿಯಂ ಅನ್ನು ಕರುಳಿನಿಂದ ಹೀರಿಕೊಳ್ಳಲು ನೆರವಾಗುತ್ತದೆ. ಈ ಸರಪಳಿಯ ಮೊದಲ ಕೊಂಡಿ ಬೆಳಕು, ಎರಡನೆಯದು ಶಾಖ. ಎರಡರಲ್ಲಿ ಒಂದು ತಪ್ಪಿದರೂ ಮೂಳೆ ಸೊರಗುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಮೈ ನಡುಗುತ್ತದೆ, ಆಮೆಯ ಚಿಪ್ಪು ಅದುಮಿದರೆ ತಗ್ಗುತ್ತದೆ.

ಲಂಡನ್ ಮೃಗಾಲಯಕ್ಕೆ ಈ ರೋಗ ಹೊಸದೇನಲ್ಲ. 1889ರಲ್ಲಿ ಅಲ್ಲಿನ ಸಿಂಹದ ಮರಿಗಳು ರಿಕೆಟ್ಸ್‌ನಿಂದ ನರಳುತ್ತಿದ್ದಾಗ ಜಾನ್ ಬ್ಲಾಂಡ್ ಸಟನ್ ಎಂಬ ಶಸ್ತ್ರವೈದ್ಯರು ಬರೀ ಮಾಂಸದ ಬದಲು ಪುಡಿಮಾಡಿದ ಮೂಳೆ, ಹಾಲು ಮತ್ತು ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಡಿಸಿದರು. ಮರಿಗಳು ಚೇತರಿಸಿಕೊಂಡವು. ಆಗ ವಿಟಮಿನ್ ಎಂಬ ಪದವೇ ಹುಟ್ಟಿರಲಿಲ್ಲ. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ, ರಿಕೆಟ್ಸ್ ತಗುಲಿದ ಮಕ್ಕಳನ್ನು ಪಾದರಸದ ದೀಪದ ಅತಿನೇರಳೆ ಬೆಳಕಿಗೆ ಒಡ್ಡಿ ಗುಣಪಡಿಸಿದರು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮತ್ತು ಸಂಗಡಿಗರು ವಿಟಮಿನ್ ಡಿ ಎಂಬ ಬೇರೆಯೇ ಅಂಶವಿದೆ ಎಂದು ತೋರಿಸಿದರು. ಅಂದರೆ ಜೋನ್ ಮೃಗಾಲಯಕ್ಕೆ ಕಾಲಿಟ್ಟ ಹೊತ್ತಿಗೆ ಬಿಸಿಲಿಗೂ ಮೂಳೆಗೂ ಇರುವ ನಂಟು ವಿಜ್ಞಾನ ಲೋಕದ ಹೊಚ್ಚ ಹೊಸ ಸುದ್ದಿ. ಅದನ್ನು ಸರೀಸೃಪಗಳ ಮನೆಯ ಗೋಡೆ, ಛಾವಣಿಗಳಿಗೆ ಇಳಿಸುವ ಕೆಲಸ ಬಾಕಿ ಇತ್ತು.

1927ರ ಭವನ

ತಾಯಿಯಿಂದ ಬಂದ ಕಲೆಯ ಕೈ ಜೋನ್ ಅವರಿಗಿತ್ತು. 1924ರಲ್ಲಿ ತೆರೆದ ಮತ್ಸ್ಯಾಲಯದ ತೊಟ್ಟಿಗಳ ಒಳಗಿನ ಬಂಡೆಗಳ ವಿನ್ಯಾಸದಲ್ಲಿ ಅವರ ಪಾಲಿತ್ತು. ಆ ಅನುಭವವೇ ಮುಂದಿನ ದೊಡ್ಡ ಕೆಲಸಕ್ಕೆ ತಳಹದಿಯಾಯಿತು. ವಾಸ್ತುಶಿಲ್ಪಿ ಗೈ ಡಾಬರ್ ಅವರ ಜೊತೆ ಸೇರಿ ಅವರು ಹೊಸ ಸರೀಸೃಪ ಭವನವನ್ನು ರೂಪಿಸಿದರು. 1927ರಲ್ಲಿ ಅದು ತೆರೆಯಿತು. ಅಂದಿನ ಜಗತ್ತಿನಲ್ಲಿ ಅಷ್ಟು ಮುಂದುವರಿದ ಸರೀಸೃಪ ಭವನ ಬೇರೊಂದಿರಲಿಲ್ಲ.

ಆ ಭವನದಲ್ಲಿ ಮೂರು ನಿರ್ಧಾರಗಳು ಎದ್ದು ಕಾಣುತ್ತವೆ. ಮೊದಲನೆಯದು ಶಾಖ. ಎಲ್ಲ ಕಡೆ ಒಂದೇ ಬಿಸಿ ಎಂಬ ಪದ್ಧತಿಯನ್ನು ಬಿಟ್ಟು, ವಿದ್ಯುತ್ತಿನಿಂದ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಶಾಖ ಸಿಗುವ ಏರ್ಪಾಡು ಮಾಡಿದರು. ಮರುಭೂಮಿಯ ಹಲ್ಲಿಗೂ ಮಳೆಕಾಡಿನ ಹಾವಿಗೂ ಒಂದೇ ಕೋಣೆಯ ಬಿಸಿ ಹೊಂದುವುದಿಲ್ಲ ಎಂಬುದು ಅವರಿಗೆ ಅನುಭವದಿಂದಲೇ ತಿಳಿದಿತ್ತು.

ಎರಡನೆಯದು ಬೆಳಕಿನ ದಿಕ್ಕು. ಮತ್ಸ್ಯಾಲಯದ ಹಾಗೆ, ನೋಡುವವರು ನಿಲ್ಲುವ ಜಾಗ ಮಬ್ಬು, ಪ್ರಾಣಿಯ ಜಾಗ ಬೆಳಕು. ಇದರಿಂದ ಗಾಜಿನ ಮೇಲೆ ನಮ್ಮದೇ ಪ್ರತಿಬಿಂಬ ಕಾಣುವುದಿಲ್ಲ. ಬೆಳಕು ಮೊದಲು ಸಲ್ಲುವುದು ಪ್ರಾಣಿಗೆ, ನೋಡಲು ಬಂದವರಿಗಲ್ಲ.

ಮೂರನೆಯದು ಗಾಜು. ಕಿಟಕಿಯ ಸಾಮಾನ್ಯ ಗಾಜು ಕಣ್ಣಿಗೆ ಪಾರದರ್ಶಕ. ಯುವಿಬಿಗೆ ಮಾತ್ರ ಹೆಚ್ಚುಕಡಿಮೆ ಗೋಡೆಯೇ. ಇಂಗ್ಲೆಂಡಿನಲ್ಲಿ ಆಗ ತಾನೇ ವೀಟಾಗ್ಲಾಸ್ ಎಂಬ ಹೊಸ ಗಾಜು ಬಂದಿತ್ತು. ಕಬ್ಬಿಣದ ಅಂಶ ಬಹಳ ಕಡಿಮೆ ಇದ್ದುದರಿಂದ ಅದು ಅತಿನೇರಳೆ ಕಿರಣಗಳಿಗೂ ದಾರಿ ಬಿಡುತ್ತಿತ್ತು. ಕೆಲವು ಶಾಲೆ, ಆಸ್ಪತ್ರೆಗಳಲ್ಲಿ ಮಕ್ಕಳು ಮತ್ತು ರೋಗಿಗಳಿಗಾಗಿ ಅದನ್ನು ಬಳಸಿ ನೋಡುತ್ತಿದ್ದ ಕಾಲವದು. ಜೋನ್ ಆ ಗಾಜನ್ನು ಹಾವು, ಹಲ್ಲಿಗಳ ಮನೆಗೆ ತಂದರು. ಮನುಷ್ಯರ ಮಕ್ಕಳಿಗೆ ಒಳ್ಳೆಯದೆಂದು ಕಂಡ ಬಿಸಿಲು ಈ ಜೀವಿಗಳಿಗೂ ಬೇಕು ಎಂಬ ಸರಳ ಯೋಚನೆ. ಆದರೆ ಜನರು ಕಂಡರೆ ಹೆದರಿ ದೂರ ಸರಿಯುವ ಪ್ರಾಣಿಗಳ ಸಲುವಾಗಿ ಅಷ್ಟು ಯೋಚಿಸಿದವರು ವಿರಳ.

ಸುಂಬಾವ ಎಂಬ ದೈತ್ಯ

ಭವನ ತೆರೆದ ವರ್ಷವೇ ಅದಕ್ಕೆ ತಕ್ಕ ಅತಿಥಿಗಳು ಬಂದರು. ಡಚ್ಚರ ಆಳ್ವಿಕೆಯಲ್ಲಿದ್ದ ಇಂದಿನ ಇಂಡೋನೇಷ್ಯಾದಿಂದ ಎರಡು ಕೊಮೊಡೊ ಡ್ರ್ಯಾಗನ್‌ಗಳು. ನಮ್ಮ ಉಡದ ಕುಲಕ್ಕೇ ಸೇರಿದ ಇವು ಜಗತ್ತಿನ ಅತಿ ದೊಡ್ಡ ಹಲ್ಲಿಗಳು. ಈ ಪ್ರಾಣಿ ವಿಜ್ಞಾನಿಗಳಿಗೆ ಪರಿಚಯವಾದದ್ದೇ 1912ರಲ್ಲಿ. 1926ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ ಎರಡು ಬಂದಿದ್ದವು, ಹೆಚ್ಚು ದಿನ ಬದುಕಲಿಲ್ಲ. ಲಂಡನ್ನಿಗೆ ಬಂದವು ಯುರೋಪ್ ಕಂಡ ಮೊದಲ ಜೀವಂತ ಕೊಮೊಡೊಗಳು. ಅವುಗಳಿಗೆ ಸುಂಬಾವ, ಸುಂಬಾ ಎಂದು ದ್ವೀಪಗಳ ಹೆಸರನ್ನೇ ಇಟ್ಟರು.

ಜನರ ಕಲ್ಪನೆಯಲ್ಲಿ ಅವು ಬೆಂಕಿ ಉಗುಳುವ ರಾಕ್ಷಸರು. ಜೋನ್ ಅವರಿಗೆ ಅವು ಬಿಸಿಲಿನ ದ್ವೀಪದಿಂದ ಬಂದ, ಅದಕ್ಕೆ ತಕ್ಕ ಶಾಖ ಮತ್ತು ಆರೈಕೆ ಬೇಕಾದ ಜೀವಗಳು. 1928ರ ಅಕ್ಟೋಬರ್ 23ರಂದು ಪ್ರಾಣಿಶಾಸ್ತ್ರ ಸಂಘದ ವೈಜ್ಞಾನಿಕ ಸಭೆಗೆ ಅವರು ಸುಂಬಾವನನ್ನೇ ಕರೆತಂದರು. ವಿದ್ವಾಂಸರ ಕಣ್ಣೆದುರು ಅದು ಅವರ ಕೈಯಿಂದಲೇ ಕೋಳಿ, ಮೊಟ್ಟೆ, ಪಾರಿವಾಳ ತಿಂದಿತು. ನುಂಗುವ ಹೊತ್ತಿನಲ್ಲೂ ಮೈದಡವಿದರೆ ಸುಮ್ಮನಿತ್ತು. ಶಾಲೆಗೆ ಮೊಸಳೆ ತಂದ ಹುಡುಗಿಯ ಸ್ವಭಾವ ಬದಲಾಗಿರಲಿಲ್ಲ; ಈಗ ತರಗತಿ ಮಾತ್ರ ದೊಡ್ಡದಾಗಿತ್ತು.

ಕಾಯಿಲೆ ಬಿದ್ದ ಸರೀಸೃಪಗಳನ್ನು ಪರೀಕ್ಷಿಸುವುದು, ಶಸ್ತ್ರಚಿಕಿತ್ಸೆ ಮಾಡುವುದು ಕೂಡ ಅವರ ಕೆಲಸದ ಭಾಗವಾಗಿತ್ತು. ಆ ಕಾಲದಲ್ಲಿ ಹಾವಿಗೆ ವೈದ್ಯ ಮಾಡುವವರು ಎಲ್ಲಿದ್ದರು? ಪ್ರಾಣಿ ತಿನ್ನುತ್ತಿಲ್ಲ ಎಂದರೆ ಅದು ಹಟಮಾರಿ ಎಂದು ಬಿಟ್ಟುಬಿಡದೆ, ಅದರ ಬಾಯಿ, ಅದರ ಜಾಗ, ಅದರ ಶಾಖ ಎಲ್ಲವನ್ನೂ ನೋಡುವ ರೂಢಿ ಅವರದು.

ಮುಗಿದ ಬದುಕು

ಇಷ್ಟೆಲ್ಲ ನಡೆಯುವಾಗಲೂ ಅವರ ದೇಹದ ನೋವು ನಿಂತಿರಲಿಲ್ಲ. ಕೊನೆಯ ವರ್ಷಗಳಲ್ಲಿ ನಡೆಯುವುದು ಕಷ್ಟವಾಗಿ, ಮೋಟಾರು ಗಾಲಿಕುರ್ಚಿಯಲ್ಲಿ ಕುಳಿತು ಮೃಗಾಲಯದ ಸುತ್ತು ಹಾಕುತ್ತಿದ್ದರು. 1931ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕೇಂಬ್ರಿಜ್‌ಗೆ ಹೋಗಲಾಗದೆ ಪದವಿಯಿಂದ ವಂಚಿತರಾದವರಿಗೆ ಕಡೆಗೂ ಒಂದು ವಿಶ್ವವಿದ್ಯಾಲಯದ ಮನ್ನಣೆ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರ್ 20ರಂದು, ಮೃಗಾಲಯದ ಹತ್ತಿರದ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಅವರ ಅಮೃತಶಿಲೆಯ ಪ್ರತಿಮೆಯನ್ನು ಅವರೇ ರೂಪಿಸಿದ ಭವನದಲ್ಲಿ ಇಡಲಾಯಿತು. ಆಫ್ರಿಕಾದ ಕಾಡಿನ ಒಂದು ಹಾವಿನ ವೈಜ್ಞಾನಿಕ ಹೆಸರಿನಲ್ಲಿ ಇಂದಿಗೂ ಪ್ರಾಕ್ಟರ್ ಎಂಬ ಹೆಸರು ಉಳಿದಿದೆ.

ಅವರ ಪ್ರಶ್ನೆ, ಇಂದಿನ ದೀಪಗಳು

ವೀಟಾಗ್ಲಾಸ್‌ನಂಥ ಗಾಜುಗಳಿಗೆ ಒಂದು ದೋಷವಿತ್ತು. ಬಿಸಿಲಿಗೆ ಒಡ್ಡಿಕೊಂಡಂತೆ ಅತಿನೇರಳೆ ಕಿರಣಗಳನ್ನು ಬಿಡುವ ಗುಣ ಕುಗ್ಗುತ್ತಿತ್ತು. ನೋಡಲು ಮಾತ್ರ ಹಿಂದಿನಂತೆಯೇ ಸ್ವಚ್ಛ. ಇಂದಿನ ಯುವಿಬಿ ದೀಪಗಳ ಕಥೆಯೂ ಹಾಗೆಯೇ. ದೀಪ ಉರಿಯುತ್ತಲೇ ಇರುತ್ತದೆ, ಆದರೆ ಅದರ ಯುವಿಬಿ ತಿಂಗಳು ಕಳೆದಂತೆ ಇಳಿಯುತ್ತದೆ. ಆದ್ದರಿಂದ ದೀಪದ ಬಗೆ ನೋಡಿಕೊಂಡು ಸಾಮಾನ್ಯವಾಗಿ 6ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕು. ಹಾಕಿದ ದಿನಾಂಕವನ್ನು ದೀಪದ ಹಿಡಿಯ ಮೇಲೆ ಬರೆದಿಟ್ಟರೆ ಮರೆಯುವುದಿಲ್ಲ.

ಶಾಖದ ದೀಪ ಆರಿಸುವಾಗ ಜೋನ್ ಅವರ ಮೊದಲ ಪಾಠ ನೆನಪಿರಲಿ: ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು. ಹಗಲಿಗೆ ಬಿಳಿ ಬೆಳಕಿನ ಹ್ಯಾಲೊಜನ್ ದೀಪ ಒಳ್ಳೆಯದು. ಸೂರ್ಯನಂತೆ ಮೇಲಿನಿಂದ ಶಾಖ ಕೊಡುತ್ತದೆ. ಆಸ್ಟ್ರೇಲಿಯಾದ ಗಡ್ಡದ ಡ್ರ್ಯಾಗನ್ ಹಲ್ಲಿಗೆ ಮೈ ಕಾಯಿಸುವ ಜಾಗದಲ್ಲಿ 38ರಿಂದ 42 ಡಿಗ್ರಿ ಸೆಲ್ಸಿಯಸ್ ಬೇಕು, ತಂಪಿನ ತುದಿಯಲ್ಲಿ 25ರ ಆಸುಪಾಸು ಸಾಕು. ದೀಪ ಎಷ್ಟು ವ್ಯಾಟ್ ಎಂಬುದು ಪೆಟ್ಟಿಗೆಯ ಗಾತ್ರ ಮತ್ತು ಕೋಣೆಯ ಹವೆಯನ್ನು ಅವಲಂಬಿಸುತ್ತದೆ. ಡಬ್ಬಿಯ ಮೇಲಿನ ಸಂಖ್ಯೆಗಿಂತ ಪ್ರಾಣಿ ಕುಳಿತುಕೊಳ್ಳುವ ಜಾಗದಲ್ಲಿಟ್ಟ ಥರ್ಮಾಮೀಟರನ್ನೇ ನಂಬಬೇಕು. ಶಾಖ ಮಿತಿ ಮೀರದಂತೆ ಥರ್ಮೋಸ್ಟಾಟ್ ಬೇಕು, ಮೈ ಸುಡದಂತೆ ದೀಪಕ್ಕೆ ಜಾಲರಿ ಕವಚ ಬೇಕು. ರಾತ್ರಿ ಬಿಸಿ ಬೇಕಾದರೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಸರಿ. ಕತ್ತಲೆಯೂ ಅವಕ್ಕೆ ಬೇಕು.

ಯುವಿಬಿಗೆ ಉದ್ದನೆಯ ಟಿ5 ಟ್ಯೂಬ್‌ಗಳು ಹೆಚ್ಚು ಅನುಕೂಲ, ಏಕೆಂದರೆ ಬೆಳಕು ವಿಶಾಲವಾಗಿ ಹರಡುತ್ತದೆ. ಪಾದರಸ ಆವಿಯ ದೀಪ ಶಾಖ, ಯುವಿಬಿ ಎರಡನ್ನೂ ಕೊಡುತ್ತದೆ, ಆದರೆ ಅದನ್ನು ಥರ್ಮೋಸ್ಟಾಟ್‌ಗೆ ಜೋಡಿಸಿ ಹದಗೊಳಿಸಲಾಗದು. ಹಾಗಾಗಿ ಚಿಕ್ಕ ಪೆಟ್ಟಿಗೆಗೆ ಅದು ಬೇಡ. ಯಾವ ಪ್ರಾಣಿಗೆ ಎಷ್ಟು ಬೇಕು ಎಂಬುದಕ್ಕೆ ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು 2010ರಲ್ಲಿ ಒಂದು ದಾರಿ ತೋರಿಸಿದರು. ಕಾಡಿನಲ್ಲಿರುವ ಸರೀಸೃಪಗಳು ನಿಜವಾಗಿ ಎಷ್ಟು ಅತಿನೇರಳೆ ಸೂಚ್ಯಂಕಕ್ಕೆ ಒಡ್ಡಿಕೊಳ್ಳುತ್ತವೆ ಎಂದು ಅಳೆದು ನಾಲ್ಕು ವಲಯಗಳಾಗಿ ವಿಂಗಡಿಸಿದರು. ನೆರಳಲ್ಲೇ ಇರುವವಕ್ಕೆ ಸರಾಸರಿ 0.7ರವರೆಗೆ, ಆಗಾಗ ಬಿಸಿಲು ಕಾಯುವವಕ್ಕೆ 0.7ರಿಂದ 1.0, ತೆರೆದ ಬಿಸಿಲಲ್ಲಿ ಓಡಾಡುವವಕ್ಕೆ 1.0ರಿಂದ 2.6, ನಡುಹಗಲ ಬಿಸಿಲನ್ನೂ ತಡೆಯುವವಕ್ಕೆ ಅದಕ್ಕಿಂತ ಹೆಚ್ಚು.

ದೂರವೂ ಮುಖ್ಯ. ದೀಪ ದೂರವಾದಂತೆ ಯುವಿಬಿ ಬೇಗ ಇಳಿಯುತ್ತದೆ. ತೀರ ಹತ್ತಿರವಾದರೆ ಕಣ್ಣು, ಚರ್ಮಕ್ಕೆ ಅಪಾಯ. ತಯಾರಕರು ಹೇಳಿದ ಅಂತರವನ್ನು ಅಳತೆ ಪಟ್ಟಿ ಹಿಡಿದೇ ನೋಡಬೇಕು. ನಡುವೆ ಗಾಜು ಅಥವಾ ಸಾಮಾನ್ಯ ಪ್ಲಾಸ್ಟಿಕ್ ಇದ್ದರೆ ದೀಪ ಇದ್ದೂ ಇಲ್ಲದಂತೆ. ಸಣ್ಣ ಕಣ್ಣಿನ ಜಾಲರಿಯೂ ಸಾಕಷ್ಟು ಭಾಗವನ್ನು ತಡೆಯುತ್ತದೆ. ಶಾಖದ ದೀಪ, ಯುವಿಬಿ ದೀಪ ಎರಡೂ ಒಂದೇ ತುದಿಯಲ್ಲಿರಲಿ, ಏಕೆಂದರೆ ಸೂರ್ಯನಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಇನ್ನೊಂದು ತುದಿಯಲ್ಲಿ ಪೂರ್ತಿ ನೆರಳಿರಲಿ. ದಿನಕ್ಕೆ ಸುಮಾರು 12 ಗಂಟೆ ಹಗಲು ಸಾಕು. ಮನೆಯ ಎಲ್‌ಇಡಿ ದೀಪದಲ್ಲಿ ಯುವಿಬಿ ಇಲ್ಲ. ನೇರಳೆ ಬಣ್ಣದ ಅಲಂಕಾರದ ದೀಪದಿಂದಲೂ ಪ್ರಯೋಜನವಿಲ್ಲ. ರೋಗಾಣು ಕೊಲ್ಲುವ ಯುವಿಸಿ ದೀಪವನ್ನಂತೂ ಪ್ರಾಣಿಯ ಮೇಲೆ ಎಂದಿಗೂ ಹಾಕಬಾರದು.

ನಮ್ಮ ಮನೆಯ ಗಾಜಿನ ಬಟ್ಟಲು

ಇದೆಲ್ಲ ಲಂಡನ್ನಿನ ಮಾತು, ನಮಗೇಕೆ ಎಂದು ಅನ್ನಿಸಬಹುದು. ಆದರೆ ನಮ್ಮ ಊರುಗಳ ಅಕ್ವೇರಿಯಂ ಅಂಗಡಿಗಳಲ್ಲಿ ಕಿವಿಯ ಹತ್ತಿರ ಕೆಂಪು ಗೆರೆ ಇರುವ ಪುಟ್ಟ ಹಸಿರು ಆಮೆ ಮಾರಾಟಕ್ಕಿರುವುದನ್ನು ಹಲವರು ನೋಡಿದ್ದೀರಿ. ಅಮೆರಿಕ ಮೂಲದ ಈ ಆಮೆಯನ್ನು ತಂದು, ನೀರು ತುಂಬಿದ ಬಟ್ಟಲಲ್ಲಿ ಬಿಟ್ಟು, ಟಿವಿ ಪಕ್ಕದ ಕಪಾಟಿನಲ್ಲಿ ಇಡುತ್ತೇವೆ. ಮೈ ಒಣಗಿಸಿಕೊಳ್ಳಲು ಕಲ್ಲಿಲ್ಲ, ಶಾಖವಿಲ್ಲ, ಯುವಿಬಿ ಇಲ್ಲ. ಕೆಲವು ತಿಂಗಳಲ್ಲಿ ಚಿಪ್ಪು ಮೆತ್ತಗಾಗುತ್ತದೆ, ಕಣ್ಣು ಊದಿಕೊಳ್ಳುತ್ತದೆ, ತಿನ್ನುವುದು ನಿಲ್ಲುತ್ತದೆ. ಸೋಮಾರಿ ಆಮೆ ಎಂದು ನಗುತ್ತೇವೆ. ಒಂದು ಬೆಳಿಗ್ಗೆ ಅದು ಅಲುಗಾಡುವುದಿಲ್ಲ.

ಲಂಡನ್ನಿನ ಚಳಿಗಾಲದಲ್ಲಿ ಜೋನ್ ಅವರಿಗೆ ಸಿಗದ ಬಿಸಿಲು ನಮ್ಮ ಅಂಗಳದಲ್ಲಿ ಬೇಕಾದಷ್ಟಿದೆ. ಇಂಥ ಆಮೆ ಈಗಾಗಲೇ ಮನೆಯಲ್ಲಿದ್ದರೆ, ಪಕ್ಕದಲ್ಲಿ ನೆರಳಿರುವಂತೆ ಮಾಡಿ, ಕಾಗೆ, ಬೆಕ್ಕಿನಿಂದ ಕಾಪಾಡುತ್ತ, ಬೆಳಗಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಡಬಹುದು. ಗಾಜಿನ ತೊಟ್ಟಿಯ ಸಮೇತ ಬಿಸಿಲಿಗಿಡಬಾರದು. ನೀರು ಬೇಗ ಕಾದು ಪ್ರಾಣಿ ಸಾಯುತ್ತದೆ, ಗಾಜಿನ ಮೂಲಕ ಯುವಿಬಿಯೂ ತಲುಪುವುದಿಲ್ಲ. ಸಾಕುವುದು ಸಾಕಾಯಿತೆಂದು ಕೆರೆಗೆ ಬಿಡುವುದೂ ತಪ್ಪು. ಹೊರನಾಡಿನ ಈ ಆಮೆ ನಮ್ಮ ಕೆರೆಯ ಆಮೆಗಳ ಆಹಾರ, ಜಾಗಕ್ಕೆ ಪೈಪೋಟಿಯಾಗುತ್ತದೆ. ನಮ್ಮ ನಾಡಿನ ನಕ್ಷತ್ರ ಆಮೆ, ಉಡ, ಹಾವುಗಳನ್ನು ಮನೆಯಲ್ಲಿ ಇಡುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದೃಷ್ಟ ಬರುತ್ತದೆಂದು ಯಾರಾದರೂ ನಕ್ಷತ್ರ ಆಮೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಹೊರದೇಶದ ಪ್ರಾಣಿ ತರುವ ಮುನ್ನವೂ ಅರಣ್ಯ ಇಲಾಖೆಯಲ್ಲಿ ನಿಯಮ ವಿಚಾರಿಸುವುದು ಒಳ್ಳೆಯದು.

ಬೆಳಿಗ್ಗೆ ಮೊದಲ ಗಂಟೆ ಹೊಡೆಯುವ ಮುನ್ನ ಕಾಂಪೌಂಡ್ ಗೋಡೆಯ ಮೇಲೆ ಓತಿಕ್ಯಾತ ಬಿಸಿಲಿಗೆ ಮೈಯೊಡ್ಡಿ ಕುಳಿತಿರುವುದನ್ನು ನೋಡಿರುತ್ತೀರಿ. ಬಿಸಿ ಹೆಚ್ಚಾದರೆ ಗೋಡೆಯ ಆ ಬದಿಗೆ ಇಳಿಯುತ್ತದೆ, ತಂಪಾದರೆ ಮತ್ತೆ ಈ ಬದಿಗೆ. ತನಗೆ ಬೇಕಾದ ಸೂರ್ಯನನ್ನು ಅದೇ ಆರಿಸಿಕೊಳ್ಳುತ್ತದೆ. ಬಟ್ಟಲಿನ ಆಮೆಗೆ ಆ ಆಯ್ಕೆ ಇಲ್ಲ; ಅದರ ಸೂರ್ಯ ನಾವು ತಂದುಕೊಟ್ಟಷ್ಟೇ. ಜೋನ್ ಪ್ರಾಕ್ಟರ್ ತಮ್ಮ ಚಿಕ್ಕ ಬದುಕಿನಲ್ಲಿ ಇದನ್ನು ಅರಿತು ಒಂದು ಮನೆಯನ್ನೇ ಕಟ್ಟಿಸಿದರು. ನಾವು ಅಷ್ಟು ಮಾಡಬೇಕಾಗಿಲ್ಲ. ಇಂದು ಸಂಜೆ ಮನೆಗೆ ಹೋದಾಗ, ಮನೆಯಲ್ಲಿ ಅಂಥ ಜೀವವೊಂದಿದ್ದರೆ, ಅದರ ತಲೆಯ ಮೇಲೆ ಏನಿದೆ ಎಂದು ಒಮ್ಮೆ ನೋಡಿದರೆ ಸಾಕು.